ಮಾಲ್ವೋಲಿಯೋನನ್ನು ನೋಡಿ ನಕ್ಕವರು: ಕೊಲೊರಾಡೊ ಶಾಲೆಗಳಲ್ಲಿ ಷೇಕ್ಸ್‌ಪಿಯರ್ ಮತ್ತು ಹಿಂಸೆ ತಡೆಯುವ ಪಾಠ

ಅಮೆರಿಕದ ಕೊಲೊರಾಡೊ ರಾಜ್ಯದ ಶಾಲೆಗಳಲ್ಲಿ 2011ರಿಂದ ಒಂದು ಕಾರ್ಯಕ್ರಮ ನಡೆದುಕೊಂಡು ಬಂದಿದೆ. ಕೆಲವೇ ನಟರ ಒಂದು ತಂಡ ಶಾಲೆಗೆ ಬರುತ್ತದೆ. ಷೇಕ್ಸ್‌ಪಿಯರ್‌ನ ಒಂದು ನಾಟಕವನ್ನು ಒಂದು ಗಂಟೆಯೊಳಗೆ ಮುಗಿಯುವಷ್ಟು ಚಿಕ್ಕದು ಮಾಡಿ ಆಡುತ್ತದೆ. ನಾಟಕ ಮುಗಿದ ಮೇಲೆ ಅದೇ ನಟರು ಮಕ್ಕಳ ಜೊತೆ ಸಣ್ಣ ಸಣ್ಣ ಗುಂಪಾಗಿ ಕೂರುತ್ತಾರೆ. ಈಗ ನೋಡಿದ ದೃಶ್ಯದಲ್ಲಿ ಯಾರು, ಎಲ್ಲಿ, ಏನು ಮಾಡಿದ್ದರೆ ಕೆಟ್ಟದ್ದು ತಪ್ಪುತ್ತಿತ್ತು ಎಂದು ಕೇಳುತ್ತಾರೆ. ಮಕ್ಕಳು ಬಾಯಲ್ಲಿ ಹೇಳಿದರೆ ಸಾಲದು, ಎದ್ದು ಬಂದು ಮಾಡಿ ತೋರಿಸಬೇಕು.

ಇದರ ಹಿಂದೆ ಎರಡು ಸಂಸ್ಥೆಗಳಿವೆ. ಒಂದು, 1958ರಲ್ಲಿ ಬೋಲ್ಡರ್ ಊರಿನ ವಿಶ್ವವಿದ್ಯಾಲಯದಲ್ಲಿ ಶುರುವಾದ ಕೊಲೊರಾಡೊ ಷೇಕ್ಸ್‌ಪಿಯರ್ ಫೆಸ್ಟಿವಲ್. ಬೇಸಿಗೆಯಲ್ಲಿ ಅಲ್ಲಿ ನಾಟಕ ಆಡುವ ತಂಡ ಅದು. ಇನ್ನೊಂದು, ಅದೇ ವಿಶ್ವವಿದ್ಯಾಲಯದ ಹಿಂಸೆ ಅಧ್ಯಯನ ಮತ್ತು ತಡೆ ಕೇಂದ್ರ. ಸಮಾಜಶಾಸ್ತ್ರಜ್ಞ ಡೆಲ್ಬರ್ಟ್ ಎಲಿಯಟ್ 1992ರಲ್ಲಿ ಕಟ್ಟಿದ್ದು. ಒಂದೇ ಕ್ಯಾಂಪಸ್ಸಿನಲ್ಲಿದ್ದರೂ ಇಬ್ಬರ ಕೆಲಸಕ್ಕೂ ಮೇಲ್ನೋಟಕ್ಕೆ ಸಂಬಂಧವೇ ಇಲ್ಲ. ಒಬ್ಬರದು ವೇಷ, ಪದ್ಯ, ದೀಪ. ಇನ್ನೊಬ್ಬರದು ಅಂಕಿ, ಸಮೀಕ್ಷೆ, ವರದಿ. ಇವರಿಬ್ಬರೂ ಸೇರಿ ಮೊದಲು ಕೈಗೆತ್ತಿಕೊಂಡ ನಾಟಕ ಟ್ವೆಲ್ಫ್ತ್ ನೈಟ್. ಆಮೇಲೆ ಟೆಂಪೆಸ್ಟ್, ಮಚ್ ಅಡೂ ಅಬೌಟ್ ನಥಿಂಗ್, ಜೂಲಿಯಸ್ ಸೀಸರ್ ಮುಂತಾದವು ಬಂದವು. ಇಲ್ಲಿಯವರೆಗೆ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಇದನ್ನು ನೋಡಿದ್ದಾರೆ.

ನಾನು ಇಲ್ಲಿ ಆ ಮೊದಲ ನಾಟಕವನ್ನೇ ಹಿಡಿದುಕೊಳ್ಳುತ್ತೇನೆ. ಯಾಕೆಂದರೆ ಅದೊಂದು ಹಾಸ್ಯ ನಾಟಕ. ಕತ್ತಿ, ರಕ್ತ, ಕೊಲೆ ಇರುವ ನಾಟಕಗಳು ಬೇಕಾದಷ್ಟಿದ್ದಾಗ, ಜನ ಹೊಟ್ಟೆ ಹಿಡಿದುಕೊಂಡು ನಗುವ ನಾಟಕವನ್ನು ಹಿಂಸೆಯ ಪಾಠಕ್ಕೆ ಆರಿಸಿದ್ದು ಯಾಕೆ? ನನ್ನ ಪ್ರಕಾರ ಈ ಇಡೀ ಪ್ರಯೋಗದ ಜೀವ ಇರುವುದು ಅಲ್ಲೇ.

ಕೊಲೊರಾಡೊ ಯಾಕೆ

ಆ ರಾಜ್ಯಕ್ಕೆ ಶಾಲೆಯ ಹಿಂಸೆ ಎಂದರೆ ಪೇಪರಿನಲ್ಲಿ ಓದುವ ಸುದ್ದಿಯಲ್ಲ. 1999ರ ಏಪ್ರಿಲ್ 20ರಂದು ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡು ಹಾರಿಸಿ 12 ವಿದ್ಯಾರ್ಥಿಗಳನ್ನೂ ಒಬ್ಬ ಶಿಕ್ಷಕರನ್ನೂ ಕೊಂದರು. ಆಮೇಲೆ ತಾವೂ ಸತ್ತರು. ಆ ಘಟನೆಯ ನಂತರ ದೇಶವೇ ಕೂತು ಯೋಚಿಸಿತು. ಅಮೆರಿಕದ ಸೀಕ್ರೆಟ್ ಸರ್ವೀಸ್ ಮತ್ತು ಶಿಕ್ಷಣ ಇಲಾಖೆ ಸೇರಿ 1974ರಿಂದ 2000ದವರೆಗೆ ಶಾಲೆಗಳಲ್ಲಿ ನಡೆದ 37 ದಾಳಿಗಳನ್ನು ಕೂಲಂಕಷವಾಗಿ ನೋಡಿದವು. ವರದಿ 2002ರಲ್ಲಿ ಬಂತು. ಅದರಲ್ಲಿ ಒಂದು ಅಂಕಿ ಎಲ್ಲರ ಮನಸ್ಸಿನಲ್ಲಿ ಉಳಿಯಿತು. 81 ಶೇಕಡಾ ದಾಳಿಗಳಲ್ಲಿ, ಹುಡುಗ ಏನು ಯೋಚಿಸುತ್ತಿದ್ದಾನೆ ಎಂಬುದು ಮೊದಲೇ ಕನಿಷ್ಠ ಇನ್ನೊಬ್ಬರಿಗಾದರೂ ಗೊತ್ತಿತ್ತು. ಹಾಗೆ ಗೊತ್ತಿದ್ದವರಲ್ಲಿ ಹೆಚ್ಚಿನವರು ಅವನ ವಯಸ್ಸಿನ ಮಕ್ಕಳೇ: ಗೆಳೆಯರು, ಸಹಪಾಠಿಗಳು, ತಮ್ಮನೋ ಅಣ್ಣನೋ.

ಅಂದರೆ ಸುದ್ದಿ ಇತ್ತು. ಅದು ದೊಡ್ಡವರನ್ನು ತಲುಪಲಿಲ್ಲ. ಈ ಅಂತರವನ್ನು ಮುಚ್ಚಲು ಕೊಲೊರಾಡೊ 2004ರಲ್ಲಿ 'ಸೇಫ್ ಟು ಟೆಲ್' ಎಂಬ ದೂರವಾಣಿ ವ್ಯವಸ್ಥೆ ಶುರುಮಾಡಿತು. ಯಾವ ಮಗು ಬೇಕಾದರೂ ಹೆಸರು ಹೇಳದೆ ಕರೆ ಮಾಡಬಹುದು. 2014ರಲ್ಲಿ ಅದು ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಕೈಗೆ ಬಂತು.

ಆದರೆ ನಂಬರ್ ಇದ್ದ ಮಾತ್ರಕ್ಕೆ ಮಗು ಕರೆ ಮಾಡುತ್ತದೆಯೇ? 2013ರ ಡಿಸೆಂಬರಿನಲ್ಲಿ ಅದೇ ರಾಜ್ಯದ ಅರಾಪಹೋ ಹೈಸ್ಕೂಲಿನಲ್ಲಿ ಒಬ್ಬ ವಿದ್ಯಾರ್ಥಿ ಗುಂಡು ಹಾರಿಸಿದ. ಒಬ್ಬ ವಿದ್ಯಾರ್ಥಿನಿ ತೀರಿಕೊಂಡಳು. ಅವಳ ಹೆಸರಿನಲ್ಲೇ 2015ರಲ್ಲಿ ಶಾಲಾ ಸುರಕ್ಷತೆಯ ಕಾನೂನು ಬಂತು. ಆ ಘಟನೆಯನ್ನು ಬೋಲ್ಡರಿನ ಇದೇ ಕೇಂದ್ರ ಪರಿಶೀಲಿಸಿ 2016ರಲ್ಲಿ ವರದಿ ಕೊಟ್ಟಿತು. ಹಲವರಿಗೆ ಆ ಹುಡುಗನ ಬಗ್ಗೆ ಆತಂಕ ಇತ್ತು, ಆದರೆ ಸೇಫ್ ಟು ಟೆಲ್‌ಗೆ ಕರೆ ಹೋಗಿರಲಿಲ್ಲ. ಇದನ್ನು ಓದಿದಾಗ ಎದೆ ಭಾರವಾಗುತ್ತದೆ.

ಹಾಗಾಗಿ ಪ್ರಶ್ನೆ ಬದಲಾಗುತ್ತದೆ. ಮಕ್ಕಳಿಗೆ "ಹೇಳಿ" ಎಂದು ಪೋಸ್ಟರ್ ಅಂಟಿಸಿದರೆ ಸಾಲದು. ಬಾಯಿ ಬಿಡುವುದು ಒಂದು ಅಭ್ಯಾಸ. ಈಜಿನ ಬಗ್ಗೆ ಪುಸ್ತಕ ಓದಿ ಯಾರಿಗೂ ಈಜು ಬರುವುದಿಲ್ಲ, ಅಲ್ವಾ? ನಾಟಕ ಇಲ್ಲಿ ಬರುತ್ತದೆ.

ಒಂದು ಎಚ್ಚರಿಕೆಯನ್ನು ಈಗಲೇ ಹೇಳಿಬಿಡುತ್ತೇನೆ. 2002ರ ಅದೇ ವರದಿಯಲ್ಲಿ, ದಾಳಿ ಮಾಡಿದವರಲ್ಲಿ ಹೆಚ್ಚಿನವರು ಅದಕ್ಕೂ ಮೊದಲು ಕಾಟ, ಅವಮಾನ, ಬೆದರಿಕೆ ಅನುಭವಿಸಿದ್ದರು ಎಂದಿದೆ. ಇದನ್ನು ತಿರುಗಿಸಿ ಓದಬಾರದು. ಕಾಟ ತಿಂದ ಮಕ್ಕಳು ಲಕ್ಷಾಂತರ. ಅವರಲ್ಲಿ ಬಹುತೇಕ ಎಲ್ಲರೂ ಯಾರಿಗೂ ಏನೂ ಮಾಡದೆ, ನೋವನ್ನು ತಾವೇ ನುಂಗಿಕೊಂಡು ಬದುಕುತ್ತಾರೆ. ಅಂಥ ಮಗುವನ್ನು ಕಂಡು "ಇವನು ಮುಂದೆ ಏನು ಮಾಡಿಬಿಡುತ್ತಾನೋ" ಎಂದು ಹೆದರುವುದು ಆ ಮಗುವಿಗೆ ಎರಡನೇ ಸಲ ಅನ್ಯಾಯ ಮಾಡಿದಂತೆ. ಕಾಟವನ್ನು ನಿಲ್ಲಿಸಬೇಕಾದ್ದು ಅದು ಮುಂದೆಂದೋ ಗುಂಡಾಗಿ ಸಿಡಿಯುತ್ತದೆ ಎಂಬ ಭಯಕ್ಕಲ್ಲ. ಅದು ಇವತ್ತೇ ಒಂದು ಮಗುವನ್ನು ನೋಯಿಸುತ್ತಿದೆ ಎಂಬುದಕ್ಕೆ.

ನಗುವಿನ ನಾಟಕ, ಕತ್ತಲೆ ಕೋಣೆ

ಟ್ವೆಲ್ಫ್ತ್ ನೈಟ್ ನಾಟಕದಲ್ಲಿ ಮುಖ್ಯ ಕಥೆ ಬೇರೆಯೇ ಇದೆ. ಹಡಗು ಒಡೆದು ಬೇರೆಯಾದ ಅವಳಿಗಳು, ಗಂಡು ವೇಷದ ಹುಡುಗಿ, ಅದಲು ಬದಲಾದ ಪ್ರೀತಿ. ನಮಗೆ ಬೇಕಾಗಿರುವುದು ಒಲಿವಿಯಾ ಎಂಬ ಶ್ರೀಮಂತೆಯ ಮನೆಯೊಳಗೆ ನಡೆಯುವ ಉಪಕಥೆ.

ಆ ಮನೆಯ ಮೇಲ್ವಿಚಾರಕ ಮಾಲ್ವೋಲಿಯೋ. ಶಿಸ್ತಿನ ಮನುಷ್ಯ, ಆದರೆ ಒಣಜಂಬ. ನಗು ಕಂಡರೆ ಆಗದು. ಮನೆಯ ವಿದೂಷಕ ಫೆಸ್ಟೆಯನ್ನು ಯಜಮಾನಿಯ ಎದುರಿಗೇ ಹೀಯಾಳಿಸುತ್ತಾನೆ. ಒಲಿವಿಯಾಳ ಸಂಬಂಧಿ ಸರ್ ಟೋಬಿ ಕುಡುಕ. ಅವನ ಜೊತೆಗೆ ಸರ್ ಆಂಡ್ರೂ ಎಂಬ ದುಡ್ಡಿರುವ ಪೆದ್ದ. ಟೋಬಿ ಅವನ ದುಡ್ಡಿನಲ್ಲೇ ಕುಡಿಯುತ್ತಾನೆ. ಒಂದು ರಾತ್ರಿ ಇವರೆಲ್ಲ ಹಾಡಿ ಕುಣಿದು ಗಲಾಟೆ ಮಾಡುತ್ತಿರುವಾಗ ಮಾಲ್ವೋಲಿಯೋ ಬಂದು ಬೈಯುತ್ತಾನೆ. ಮನೆ ಬಿಟ್ಟು ಹೋಗಬೇಕಾದೀತು ಎಂದು ಟೋಬಿಗೆ ಎಚ್ಚರಿಕೆ ಕೊಡುತ್ತಾನೆ. ಒಲಿವಿಯಾಳ ಸಖಿ ಮರಿಯಾಳಿಗೂ ದೂರು ಹೇಳುತ್ತೇನೆ ಎಂದು ಹೆದರಿಸಿ ಹೋಗುತ್ತಾನೆ.

ಅವನ ಬೆನ್ನು ತಿರುಗಿದ ಕೂಡಲೇ ಮರಿಯಾ ಯೋಜನೆ ಹೇಳುತ್ತಾಳೆ. ಯಜಮಾನಿಯ ಕೈಬರಹ ತನಗೆ ಚೆನ್ನಾಗಿ ಬರುತ್ತದೆ. ಅವಳೇ ಮಾಲ್ವೋಲಿಯೋನನ್ನು ಪ್ರೀತಿಸುತ್ತಾಳೆ ಎನ್ನುವಂತೆ ಒಂದು ಪತ್ರ ಬರೆದು ಅವನ ದಾರಿಯಲ್ಲಿ ಬೀಳಿಸುವುದು. ಟೋಬಿ "ಆಹಾ, ಉಪಾಯದ ವಾಸನೆ ಬರ್ತಾ ಇದೆ" ಎನ್ನುತ್ತಾನೆ. ಪಕ್ಕದಲ್ಲೇ ಇದ್ದ ಆಂಡ್ರೂ "ನನ್ನ ಮೂಗಿಗೂ ಬಂತು" ಎನ್ನುತ್ತಾನೆ.

ಆ ಒಂದು ಸಾಲನ್ನು ಗಮನಿಸಿ. ಆಂಡ್ರೂಗೆ ಮಾಲ್ವೋಲಿಯೋನ ಮೇಲೆ ಅಂಥ ದೊಡ್ಡ ಸಿಟ್ಟೇನೂ ಇಲ್ಲ. ಟೋಬಿಗೆ ಬಂದದ್ದು ತನಗೂ ಬರಬೇಕು, ಅಷ್ಟೇ. ಇದೇ ದೃಶ್ಯದ ಕೊನೆಗೆ ಮರಿಯಾ ಟೋಬಿಯನ್ನು ತುಂಬ ಹಚ್ಚಿಕೊಂಡಿದ್ದಾಳೆ ಎಂಬ ಮಾತು ಬಂದಾಗ ಆಂಡ್ರೂ ಹೇಳುವುದು: "ನನ್ನನ್ನೂ ಒಂದು ಕಾಲಕ್ಕೆ ಯಾರೋ ಪ್ರೀತಿಸಿದ್ದರು." ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಪ್ರತಿ ತರಗತಿಯಲ್ಲೂ ಒಬ್ಬ ಆಂಡ್ರೂ ಇರುತ್ತಾನೆ. ಗುಂಪಿನಿಂದ ಹೊರಗೆ ಬೀಳುವ ಭಯಕ್ಕೆ ಗುಂಪು ಮಾಡಿದ್ದನ್ನೆಲ್ಲ ಮಾಡುವವನು. ನಾಲ್ಕು ಶತಮಾನದ ಹಿಂದಿನ ನಾಟಕ ಅವನನ್ನು ಒಂದೇ ಸಾಲಿನಲ್ಲಿ ಹಿಡಿದಿಟ್ಟಿದೆ.

ಪತ್ರದ ದೃಶ್ಯ ನಿಜಕ್ಕೂ ನಗು ತರಿಸುತ್ತದೆ. ತೋಟದಲ್ಲಿ ಟೋಬಿ, ಆಂಡ್ರೂ, ಮನೆಯವನೇ ಆದ ಫೇಬಿಯನ್ ಮೂವರೂ ಗಿಡದ ಮರೆಯಲ್ಲಿ ಅಡಗಿದ್ದಾರೆ. ಮಾಲ್ವೋಲಿಯೋ ತನ್ನ ನೆರಳಿಗೇ ನಮಸ್ಕಾರ ಹೊಡೆಯುತ್ತಾ ಬರುತ್ತಾನೆ. ತಾನು ಈ ಮನೆಯ ಯಜಮಾನನಾದರೆ ಟೋಬಿಯನ್ನು ಹೇಗೆ ನಡೆಸಿಕೊಳ್ಳುತ್ತೇನೆ ಎಂದು ಗಟ್ಟಿಯಾಗಿ ಕನಸು ಕಾಣುತ್ತಾನೆ. ಪತ್ರ ಸಿಗುತ್ತದೆ, ನಂಬುತ್ತಾನೆ. ಹಳದಿ ಕಾಲುಚೀಲ ಹಾಕಿಕೋ, ಸದಾ ನಗುತ್ತಿರು ಎಂದು ಅದರಲ್ಲಿದೆ. ನಗುವುದೇ ಗೊತ್ತಿಲ್ಲದವನು ಹಲ್ಲು ಕಿಸಿದುಕೊಂಡು ಯಜಮಾನಿಯ ಎದುರು ನಿಂತಾಗ ಅವಳಿಗೆ ಇವನಿಗೇನೋ ಆಗಿದೆ ಎನಿಸುತ್ತದೆ. ಇವನನ್ನು ನೋಡಿಕೊಳ್ಳಿ ಎಂದು ಹೇಳಿ ಹೋಗುತ್ತಾಳೆ.

ಅಲ್ಲಿಗೆ ನಿಂತಿದ್ದರೆ ಅದೊಂದು ಕೀಟಲೆ. ಅವರು ಮುಂದೆ ಹೋಗುತ್ತಾರೆ. ಈಗಲೇ ಅವನ ಬೆನ್ನು ಹತ್ತಿ ಎನ್ನುತ್ತಾಳೆ ಮರಿಯಾ.  ಆಗ ಫೇಬಿಯನ್ ಹೇಳುತ್ತಾನೆ: ಹೀಗೆ ಮಾಡಿದರೆ ಅವನಿಗೆ ನಿಜವಾಗಲೂ ಹುಚ್ಚು ಹಿಡಿಯುತ್ತದೆ. ಮರಿಯಾಳ ಉತ್ತರ: ಮನೆಯಾದರೂ ಶಾಂತವಾಗಿರುತ್ತದೆ. ಆಗ ಟೋಬಿ: ಇವನನ್ನು ಕಟ್ಟಿ ಕತ್ತಲೆ ಕೋಣೆಗೆ ಹಾಕೋಣ, ಹೇಗೂ ಒಲಿವಿಯಾ ಇವನಿಗೆ ಹುಚ್ಚು ಎಂದು ನಂಬಿದ್ದಾಳೆ.

ಮುಂದೆ ಕತ್ತಲೆ ಕೋಣೆ. ಫೆಸ್ಟೆ ಪಾದ್ರಿಯ ವೇಷದಲ್ಲಿ ಬಂದು, ಕೋಣೆಯಲ್ಲಿ ಬೇಕಾದಷ್ಟು ಬೆಳಕಿದೆ, ಕತ್ತಲೆ ಇರುವುದು ನಿನ್ನ ತಲೆಯಲ್ಲಿ ಎಂದು ವಾದಿಸುತ್ತಾನೆ. ಒಳಗಿನಿಂದ ಮಾಲ್ವೋಲಿಯೋ, ನನಗೆ ಹುಚ್ಚಿಲ್ಲ, ಬೇಕಾದರೆ ಏನಾದರೂ ಪ್ರಶ್ನೆ ಕೇಳಿ ನೋಡಿ ಎಂದು ಅಂಗಲಾಚುತ್ತಾನೆ. ಒಂದು ಮೋಂಬತ್ತಿ, ಪೆನ್ನು, ಕಾಗದ ಕೊಡಿ ಎನ್ನುತ್ತಾನೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಈ ನಾಟಕ ನೋಡಿದ್ದೇನೆ ಎಂದು ಮೊದಲು ಬರೆದಿಟ್ಟವನು ಲಂಡನ್ನಿನ ಕಾನೂನು ವಿದ್ಯಾರ್ಥಿ ಜಾನ್ ಮ್ಯಾನಿಂಗ್‌ಹ್ಯಾಮ್. 1602ರ ಫೆಬ್ರವರಿ 2ರಂದು ಮಿಡ್ಲ್ ಟೆಂಪಲ್ ಎಂಬ ವಕೀಲರ ಸಂಸ್ಥೆಯಲ್ಲಿ ಪ್ರಯೋಗ ನಡೆದಿತ್ತು. ಅವನ ದಿನಚರಿಯಲ್ಲಿ ಮೆಚ್ಚಿಕೊಂಡು ಬರೆದಿರುವುದು ಮೇಲ್ವಿಚಾರಕನನ್ನು ಬೇಸ್ತು ಬೀಳಿಸಿದ ಈ ತಂತ್ರವನ್ನೇ. ಮೊದಲ ಪ್ರೇಕ್ಷಕನಿಂದ ಇವತ್ತಿನ ಏಳನೇ ಕ್ಲಾಸಿನ ಹುಡುಗನವರೆಗೆ ಎಲ್ಲರೂ ಗಿಡದ ಮರೆಯವರ ಜೊತೆ ಸೇರಿಕೊಂಡು ನಗುತ್ತಾರೆ. ನಾಟಕ ನಮ್ಮನ್ನು ಆ ಕಡೆಯೇ ಕೂರಿಸಿರುತ್ತದೆ. ಕತ್ತಲೆ ಕೋಣೆಯ ದೃಶ್ಯ ಬಂದಾಗ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಎಲ್ಲಿಯವರೆಗೆ ನಗಬಹುದಿತ್ತು, ಎಲ್ಲಿ ನಿಲ್ಲಿಸಬೇಕಿತ್ತು ಎಂದು ಯಾರೂ ಹೇಳಿಕೊಡದೆ ಮಗುವೇ ಕೇಳಿಕೊಳ್ಳುತ್ತದೆ.

ಹಿಂಸೆ ತಡೆಯಬೇಕು ಎಂದೇ ಬರೆದ ಕಿರುನಾಟಕಗಳಲ್ಲಿ ಇದು ಆಗುವುದಿಲ್ಲ. ಅಲ್ಲಿ ಕೆಟ್ಟ ಹುಡುಗ ಕೆಟ್ಟವನಾಗಿಯೇ ಬರುತ್ತಾನೆ, ಪಾಪದ ಹುಡುಗ ಪಾಪದವನಾಗಿಯೇ ಬರುತ್ತಾನೆ. ಎರಡನೇ ನಿಮಿಷಕ್ಕೇ ಮಕ್ಕಳಿಗೆ ಉತ್ತರ ಗೊತ್ತಾಗಿ ಬೋರ್ ಹೊಡೆಯುತ್ತದೆ. ಮಾಲ್ವೋಲಿಯೋ ಹಾಗಲ್ಲ. ಅವನು ನಮಗೆ ಇಷ್ಟವಾಗುವುದಿಲ್ಲ. ಅವನೂ ಬೇರೆಯವರನ್ನು ನೋಯಿಸಿದ್ದಾನೆ. ಆದರೂ ಅವನಿಗೆ ಆದದ್ದು ಸರಿಯಲ್ಲ. ಶಾಲೆಯಲ್ಲಿ ಕಾಟ ತಿನ್ನುವ ಮಗು ಯಾವಾಗಲೂ ಮುದ್ದಾದ, ಸೌಮ್ಯವಾದ ಮಗುವೇ ಆಗಿರುವುದಿಲ್ಲ. ಕೆಲವೊಮ್ಮೆ ಅದು ಚಾಡಿ ಹೇಳುವ, ಜಂಬದ, ಯಾರಿಗೂ ಬೇಡದ ಮಗು. "ಅವನಿಗೆ ಹಾಗೇ ಆಗಬೇಕು" ಎಂಬ ಮಾತು ಹುಟ್ಟುವುದು ಅಲ್ಲೇ. ಆ ಮಾತನ್ನು ಎದುರಿಸದ ಪಾಠ ಅರ್ಧ ಪಾಠ.

ಕಾಟ ಕೊಡುವವನಲ್ಲ, ಪಕ್ಕದಲ್ಲಿ ನಿಂತವನು

ಈ ಕಾರ್ಯಕ್ರಮ ಕಣ್ಣಿಟ್ಟಿರುವುದು ಟೋಬಿಯ ಮೇಲೂ ಅಲ್ಲ, ಮಾಲ್ವೋಲಿಯೋನ ಮೇಲೂ ಅಲ್ಲ. ಸುತ್ತ ನಿಂತವರ ಮೇಲೆ. ಇದಕ್ಕೆ ಸಂಶೋಧನೆಯ ಆಧಾರವೂ ಇದೆ. ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು 1996ರಲ್ಲಿ ಒಂದು ಮುಖ್ಯ ವಿಷಯ ತೋರಿಸಿದರು. ತರಗತಿಯಲ್ಲಿ ಕಾಟ ಎಂಬುದು ಇಬ್ಬರ ನಡುವಿನ ವ್ಯವಹಾರವಲ್ಲ, ಇಡೀ ಗುಂಪಿನದು. ಶುರುಮಾಡುವವನು ಒಬ್ಬ, ಕೈಜೋಡಿಸುವವರು ಕೆಲವರು, ನಕ್ಕು ಹುರಿದುಂಬಿಸುವವರು ಕೆಲವರು, ದೂರ ಸರಿಯುವವರು ಕೆಲವರು, ಕಾಪಾಡಲು ಬರುವವರು ಕೆಲವರು. ಒಲಿವಿಯಾಳ ಮನೆಯಲ್ಲಿ ಈ ಎಲ್ಲ ಪಾತ್ರಗಳೂ ಹೆಚ್ಚುಕಮ್ಮಿ ಇವೆ. ಕಾಪಾಡುವವರು ಮಾತ್ರ ಸಮಯಕ್ಕೆ ಸರಿಯಾಗಿ ಯಾರೂ ಬರುವುದಿಲ್ಲ. ಆ ಖಾಲಿ ಜಾಗಕ್ಕೇ ಮಕ್ಕಳನ್ನು ಕರೆಯುವುದು.

ಕೆನಡಾದ ಟೊರಾಂಟೊದಲ್ಲಿ ಹಾಕಿನ್ಸ್, ಪೆಪ್ಲರ್, ಕ್ರೇಗ್ ಎಂಬ ಮೂವರು ಆಟದ ಮೈದಾನಗಳಲ್ಲಿ ಕ್ಯಾಮೆರಾ ಮತ್ತು ಮೈಕ್ ಇಟ್ಟು 2001ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ಪಷ್ಟ. ಕಾಟದ 88 ಶೇಕಡಾ ಘಟನೆಗಳಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಮಧ್ಯೆ ಬಂದದ್ದು 19 ಶೇಕಡಾ ಘಟನೆಗಳಲ್ಲಿ ಮಾತ್ರ. ಆದರೆ ಹಾಗೆ ಮಧ್ಯೆ ಬಂದಾಗ, ಅರ್ಧಕ್ಕಿಂತ ಜಾಸ್ತಿ ಸಲ, 57 ಶೇಕಡಾ, ಕಾಟ 10 ಸೆಕೆಂಡಿನೊಳಗೆ ನಿಂತಿತು.

10 ಸೆಕೆಂಡು! ಒಂದು ಮಗು ಅಷ್ಟು ಹೊತ್ತು ಧೈರ್ಯ ಹಿಡಿದರೆ ಸಾಕು. ಆ ಹೊತ್ತಿನಲ್ಲಿ ಬಾಯಿಗೆ ಬರಬೇಕಾದ ಮಾತು ಮೊದಲೇ ಅಭ್ಯಾಸವಾಗಿರಬೇಕು. ಪಾತ್ರಾಭಿನಯ ಎಂಬುದು ಇಲ್ಲಿ ರಂಜನೆಯಲ್ಲ, ತಾಲೀಮು.

ತಾಲೀಮು ಹೇಗೆ ನಡೆಯಬಹುದು ಎಂದು ಒಂದು ಜಾಗ ಹಿಡಿದು ಹೇಳುತ್ತೇನೆ. ಜಾಗದ ಆಯ್ಕೆ ನನ್ನದು. ಫೇಬಿಯನ್ "ಅವನಿಗೆ ನಿಜವಾಗಲೂ ಹುಚ್ಚು ಹಿಡಿಯುತ್ತೆ" ಎನ್ನುತ್ತಾನಲ್ಲ, ಅಲ್ಲಿ ದೃಶ್ಯ ನಿಲ್ಲಿಸಿ. ಫೇಬಿಯನ್ ಕೆಟ್ಟವನಲ್ಲ. ಅವನಿಗೆ ಮಾಲ್ವೋಲಿಯೋನ ಮೇಲೆ ಒಂದು ಹಳೆಯ ಸಿಟ್ಟಿದೆ. ಕರಡಿ ಕಾದಾಟದ ವಿಷಯಕ್ಕೆ ಯಜಮಾನಿಗೆ ಚಾಡಿ ಹೇಳಿ ತನ್ನ ಮೇಲೆ ಅವಳಿಗೆ ಬೇಸರ ಬರುವಂತೆ ಮಾಡಿದ್ದ. ಅದಕ್ಕೇ ತಮಾಷೆ ನೋಡಲು ಬಂದವನು. ಅಪಾಯ ಎಲ್ಲರಿಗಿಂತ ಮೊದಲು ಕಂಡದ್ದು ಅವನಿಗೆ. ಬಾಯಿಬಿಟ್ಟು ಹೇಳಿದ್ದೂ ಅವನೇ. ಆದರೆ ಮರಿಯಾ ಒಂದು ಮಾತು ಆಡಿದ ಕೂಡಲೇ ಸುಮ್ಮನಾದ.

ಈಗ ಒಂದು ಮಗು ಫೇಬಿಯನ್ ಆಗಿ ನಿಲ್ಲಲಿ. ಇಬ್ಬರು ಮರಿಯಾ, ಟೋಬಿ ಆಗಲಿ. ಮರಿಯಾಳ ಮಾತಿನ ನಂತರ ಫೇಬಿಯನ್ ಏನಾದರೂ ಮಾಡಬೇಕು. ಮೊದಲ ಸುತ್ತಿನಲ್ಲಿ ಬಹಳ ಮಕ್ಕಳು ಭಾಷಣ ಮಾಡುತ್ತಾರೆ. "ಇದು ತಪ್ಪು, ಹೀಗೆಲ್ಲ ಮಾಡಬಾರದು" ಎನ್ನುತ್ತಾರೆ. ಟೋಬಿ ಆದ ಹುಡುಗ ನಕ್ಕುಬಿಡುತ್ತಾನೆ, ಭಾಷಣ ಅಲ್ಲೇ ಬೀಳುತ್ತದೆ. ಬೀಳಲಿ. ನಿಜ ಜೀವನದಲ್ಲೂ ಹೀಗೇ ಬೀಳುತ್ತದೆ ಎಂದು ಮಗುವಿಗೆ ಗೊತ್ತಾಗಬೇಕು. ಎರಡನೇ ಸುತ್ತಿಗೆ ಬೇರೆ ದಾರಿ ಹುಡುಕಲಿ. ಟೋಬಿಯನ್ನು ಒಬ್ಬನನ್ನೇ ಪಕ್ಕಕ್ಕೆ ಕರೆದು ಮಾತಾಡಬಹುದು. ಆಂಡ್ರೂವನ್ನು ತನ್ನ ಕಡೆ ಎಳೆದುಕೊಳ್ಳಬಹುದು. ಸುಮ್ನೆ ವಿಷಯ ಬದಲಾಯಿಸಿ ಎಲ್ಲರನ್ನೂ ಬೇರೆಡೆ ಕರೆದುಕೊಂಡು ಹೋಗಬಹುದು. ರಾತ್ರಿ ಹೋಗಿ ಕೋಣೆಯ ಬಾಗಿಲಿನ ಹತ್ತಿರ ಕೂತು ಮಾಲ್ವೋಲಿಯೋನ ಜೊತೆ ಮಾತಾಡಬಹುದು. ಅಥವಾ ನೇರ ಒಲಿವಿಯಾಳ ಹತ್ತಿರ ಹೋಗಿ ಆದದ್ದನ್ನು ಹೇಳಬಹುದು.

ಆ ಕೊನೆಯ ದಾರಿಯ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಒಲಿವಿಯಾ ಕೆಟ್ಟ ಯಜಮಾನಿಯಲ್ಲ. ಅವಳಿಗೆ ಗೊತ್ತಿಲ್ಲ, ಅಷ್ಟೇ. ಇವನನ್ನು ನೋಡಿಕೊಳ್ಳಿ ಎಂದು ಹೇಳಿ ತನ್ನ ಪ್ರೀತಿಯ ಗಡಿಬಿಡಿಯಲ್ಲಿ ಮರೆತುಬಿಟ್ಟಿದ್ದಾಳೆ. ಕೊನೆಗೆ ಸತ್ಯ ತಿಳಿದಾಗ, ಅವನಿಗೆ ಮಹಾ ಅನ್ಯಾಯವಾಗಿದೆ ಎಂದು ಮರುಗುವವಳೂ ಅವಳೇ. ಶಾಲೆಯಲ್ಲಿ ಎಷ್ಟೋ ಶಿಕ್ಷಕರು ಒಲಿವಿಯಾಳಂತೆ ಇರುತ್ತಾರೆ. ಮನಸ್ಸು ಒಳ್ಳೆಯದು, ಕೆಲಸ ತುಂಬ, ಸುದ್ದಿ ತಲುಪಿಲ್ಲ. ಮಗು ಬಂದು ಹೇಳುವುದನ್ನೂ, ಅದನ್ನು ಕೇಳಿಸಿಕೊಳ್ಳುವುದನ್ನೂ ಎರಡನ್ನೂ ತಾಲೀಮು ಮಾಡಬೇಕು. ನನ್ನನ್ನು ಕೇಳಿದರೆ ಈ ಒಂದು ಸುತ್ತಿನಲ್ಲಿ ಒಲಿವಿಯಾಳ ಪಾತ್ರವನ್ನು ಶಿಕ್ಷಕರೇ ಮಾಡಬೇಕು. ಚಾಡಿ ಹೇಳುವುದಕ್ಕೂ ಸಹಾಯ ಕೇಳುವುದಕ್ಕೂ ಇರುವ ವ್ಯತ್ಯಾಸ ಭಾಷಣದಲ್ಲಿ ತಿಳಿಯುವುದಿಲ್ಲ. ಕೇಳಿಸಿಕೊಂಡವರ ಮುಖ ನೋಡಿ ತಿಳಿಯುತ್ತದೆ.

ದೃಶ್ಯವನ್ನು ನಿಲ್ಲಿಸಿ ಪ್ರೇಕ್ಷಕರನ್ನೇ ಒಳಗೆ ಕರೆಯುವ ಈ ಬಗೆ ಹೊಸದಲ್ಲ. ಬ್ರೆಜಿಲಿನ ರಂಗಕರ್ಮಿ ಆಗಸ್ಟೋ ಬೋಆಲ್ ಇದನ್ನು ಫೋರಂ ಥಿಯೇಟರ್ ಎಂದು ಜಗತ್ತಿಗೆಲ್ಲ ಹಬ್ಬಿಸಿದ. ನಮ್ಮ ತಾಳಮದ್ದಳೆಯಲ್ಲೂ ಇದರ ಒಂದು ಅಂಶ ಇದ್ದೇ ಇದೆ. ವೇಷವಿಲ್ಲದೆ ಕೂತ ಅರ್ಥಧಾರಿ ಒಂದು ಪಾತ್ರದ ಪರ ತನ್ನದೇ ಮಾತಿನಲ್ಲಿ ವಾದಿಸುತ್ತಾನೆ, ಎದುರಿನವನ ಮಾತಿಗೆ ಅಲ್ಲೇ ಉತ್ತರ ಹುಡುಕುತ್ತಾನೆ. ಇನ್ನು ಪಕ್ಕದಲ್ಲಿ ನಿಂತವರ ಕಥೆ ಎಂದರೆ ಕನ್ನಡಿಗರಿಗೆ ನೆನಪಾಗುವುದು ಕೌರವರ ಸಭೆಯೇ. ದ್ರೌಪದಿಯನ್ನು ಎಳೆದು ತಂದಾಗ ಭೀಷ್ಮ, ದ್ರೋಣ ಎಲ್ಲ ಇದ್ದರು. ಎದ್ದು ನಿಂತು ಇದು ಅಧರ್ಮ ಎಂದವನು ದುರ್ಯೋಧನನ ತಮ್ಮ ವಿಕರ್ಣ. ಸಭೆಯಲ್ಲಿ ಸದ್ದು ಎದ್ದಿತು. ಆದರೆ ಕರ್ಣ ಅವನನ್ನು, ನೀನಿನ್ನೂ ಹುಡುಗ ಎಂದು ಗದರಿಸಿದಾಗ ಅವನ ಪಕ್ಕಕ್ಕೆ ಬಂದು ಕೈಹಿಡಿದು ನಿಂತವರಿಲ್ಲ. ಹಾಗಾಗಿ ಪಾತ್ರಾಭಿನಯದಲ್ಲಿ ಮೊದಲು ಎದ್ದು ನಿಲ್ಲುವವನಿಗಿಂತ, ಎರಡನೆಯದಾಗಿ ಏಳುವವನ ತಾಲೀಮು ಮುಖ್ಯ ಎಂದು ನನಗೆ ಅನ್ನಿಸುತ್ತದೆ. ಒಬ್ಬನೇ ನಿಂತರೆ ಅವನೇ ಮುಂದಿನ ಗುರಿಯಾಗುತ್ತಾನೆ. ಇಬ್ಬರಾದರೆ ಗುಂಪು ಯೋಚಿಸುತ್ತದೆ.

ಪಾತ್ರ ಹಂಚುವಾಗ

ಇಲ್ಲಿ ಕೆಲವು ಅಪಾಯಗಳಿವೆ. ತರಗತಿಯಲ್ಲಿ ನಿಜವಾಗಿಯೂ ಕಾಟ ತಿನ್ನುತ್ತಿರುವ ಮಗುವಿಗೆ ಮಾಲ್ವೋಲಿಯೋನ ಪಾತ್ರ ಕೊಡಲೇಬಾರದು. ಮಕ್ಕಳು "ಅವನೇ ಸರಿ" ಎಂದು ಕೂಗಿ ಆರಿಸಿದರೆ ಅದು ಪಾತ್ರದ ಆಯ್ಕೆಯಲ್ಲ, ಕಾಟದ ಮುಂದುವರಿಕೆ. ಕತ್ತಲೆ ಕೋಣೆಯ ದೃಶ್ಯವನ್ನು ಮಕ್ಕಳಿಂದ ಮತ್ತೆ ಆಡಿಸುವುದೂ ಬೇಡ. ಅದನ್ನು ನಟರು ಆಡಿ ತೋರಿಸಿ ಮುಗಿಸಿದ್ದಾರೆ. ಹೀಯಾಳಿಸುವುದರಲ್ಲಿ ಒಂದು ಖುಷಿ ಇರುತ್ತದೆ, ಸುತ್ತಲಿನವರು ನಗುತ್ತಾರೆ. ಅದನ್ನೇ ನಾಲ್ಕು ಸಲ ಮಾಡಿಸಿದರೆ ಅಭ್ಯಾಸವಾಗುವುದು ಹೀಯಾಳಿಸುವುದೇ. ಮತ್ತೆ ಮತ್ತೆ ಆಡಬೇಕಾದ್ದು ತಡೆಯುವ ಭಾಗವನ್ನು.

ಇನ್ನೊಂದು ವಿಷಯ, ಕತ್ತಿ ಚಾಕು ಬಂದೂಕಿನ ಎದುರು ಮಗು ಮಧ್ಯೆ ಹೋಗಬಾರದು. ದೊಡ್ಡವರನ್ನು ಕರೆಯಬೇಕು, ಓಡಬೇಕು, ಕರೆ ಮಾಡಬೇಕು. ಧೈರ್ಯ ಎಂದರೆ ಎದೆಯೊಡ್ಡುವುದು ಎಂದು ಯಾವ ಮಗುವೂ ತಿಳಿದುಕೊಂಡು ಹೋಗಬಾರದು. ಜೂಲಿಯಸ್ ಸೀಸರ್‌ನಂಥ ನಾಟಕ ಆಡಿಸುವ ದಿನ ಇದನ್ನು ಎರಡು ಸಲ ಹೇಳಬೇಕು.

ಆಟ ಮುಗಿದ ಮೇಲೆ ಪಾತ್ರದಿಂದ ಹೊರಬರುವ ಸಮಯವೂ ಬೇಕು. ಟೋಬಿ ಆಗಿದ್ದ ಹುಡುಗನನ್ನು ಊಟದ ಹೊತ್ತಿಗೂ ಟೋಬಿ ಎಂದೇ ಕರೆದರೆ ಅವನಿಗೆ ಹೇಗಿರುತ್ತದೆ?

ಅಳತೆಗೆ ಸಿಕ್ಕಿದ್ದೆಷ್ಟು

ನಾಟಕ ಪ್ರೀತಿಸುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ. ಆದರೆ ಇದನ್ನು ಹೇಳದಿದ್ದರೆ ಪ್ರಕರಣ ಪೂರ್ತಿಯಾಗುವುದಿಲ್ಲ. ಬೋಲ್ಡರಿನ ಇದೇ ಕೇಂದ್ರ 1996ರಲ್ಲಿ ಬ್ಲೂಪ್ರಿಂಟ್ಸ್ ಎಂಬ ಪಟ್ಟಿ ಶುರುಮಾಡಿತು. ಮಕ್ಕಳ ನಡುವಿನ ಹಿಂಸೆ ತಡೆಯುವ ಯಾವ ಕಾರ್ಯಕ್ರಮಗಳು ನಿಜಕ್ಕೂ ಕೆಲಸ ಮಾಡುತ್ತವೆ ಎಂಬುದನ್ನು ಕಟ್ಟುನಿಟ್ಟಾಗಿ ತೂಗಿ ನೋಡುವ ಪಟ್ಟಿ ಅದು. ಒಳ್ಳೆಯ ಉದ್ದೇಶ ಇದ್ದರೆ ಸಾಲದು, ಪ್ರಯೋಗದ ಗುಂಪು ಮತ್ತು ಹೋಲಿಕೆಯ ಗುಂಪು ಇಟ್ಟು ಪರೀಕ್ಷೆ ಮಾಡಿರಬೇಕು.

ಅಂಥ ತೂಕ ಯಾಕೆ ಬೇಕು ಎಂಬುದಕ್ಕೆ ಅಮೆರಿಕದಲ್ಲೇ ಪಾಠಗಳಿವೆ. ಪೊಲೀಸರು ತರಗತಿಗೆ ಬಂದು ಮಾದಕ ವಸ್ತುಗಳ ಬಗ್ಗೆ ಹೇಳುವ ಡೇರ್ ಕಾರ್ಯಕ್ರಮ ದೇಶದ ತುಂಬ ಹಬ್ಬಿತ್ತು. ಅದರ ಮೂಲ ಪಾಠಕ್ರಮದಿಂದ ಬಹುಕಾಲ ಉಳಿಯುವ ಪರಿಣಾಮ ಇಲ್ಲ ಎಂದು ಅಧ್ಯಯನಗಳು ಒಂದರ ಮೇಲೊಂದು ಹೇಳಿದವು. ದಾರಿ ತಪ್ಪಿದ ಹುಡುಗರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಹೆದರಿಸುವ 'ಸ್ಕೇರ್ಡ್ ಸ್ಟ್ರೈಟ್' ಬಗೆಯ ಕಾರ್ಯಕ್ರಮಗಳಂತೂ ಅಪರಾಧವನ್ನು ಕಡಿಮೆ ಮಾಡುವ ಬದಲು ಹೆಚ್ಚಿಸಿದವು. ಅವೂ ನೋಡಿದವರ ಕಣ್ಣಲ್ಲಿ ನೀರು ತರಿಸುತ್ತಿದ್ದವು. ಮನಸ್ಸು ತಟ್ಟಿತು ಎಂದ ಮಾತ್ರಕ್ಕೆ ನಡತೆ ಬದಲಾಯಿತು ಎಂದಲ್ಲ.

ಷೇಕ್ಸ್‌ಪಿಯರ್ ಕಾರ್ಯಕ್ರಮವನ್ನು ಆ ಎರಡರ ಸಾಲಿಗೆ ಸೇರಿಸುತ್ತಿಲ್ಲ. ಅದು ಹೆದರಿಸುವುದಿಲ್ಲ, ಉಪದೇಶ ಮಾಡುವುದಿಲ್ಲ, ಗೊತ್ತಿರುವ ಸಂಶೋಧನೆಯ ಮೇಲೆ ನಿಂತಿದೆ. ಆದರೆ ಒಂದು ದಿನ ಬಂದು ಹೋಗುವ ನಟರ ತಂಡದಿಂದ ಶಾಲೆಯ ಕಾರಿಡಾರ್ ಬದಲಾಗುತ್ತದೆ ಎಂದು ನಾನು ನಂಬುವುದಿಲ್ಲ. ಫಿನ್ಲೆಂಡಿನಲ್ಲಿ ಸಾಲ್ಮಿವಲ್ಲಿಯವರ ಕೆಲಸದಿಂದ ಬೆಳೆದ 'ಕಿವ' ಎಂಬ ಕಾರ್ಯಕ್ರಮ ಪಕ್ಕದಲ್ಲಿ ನಿಂತವರನ್ನೇ ಕೇಂದ್ರವಾಗಿಟ್ಟುಕೊಂಡದ್ದು. ಅಲ್ಲಿಯೂ ಚರ್ಚೆ, ಪಾತ್ರಾಭಿನಯ ಇವೆ. ಆದರೆ ಅದು ವರ್ಷವಿಡೀ ಪಾಠಗಳಾಗಿ ನಡೆಯುತ್ತದೆ. ಜೊತೆಗೆ ನಿಜವಾಗಿ ಕಾಟದ ಪ್ರಕರಣ ಬಂದಾಗ ಅದನ್ನು ನೋಡಿಕೊಳ್ಳಲು ಶಾಲೆಯಲ್ಲೇ ದೊಡ್ಡವರ ಒಂದು ತಂಡ ಇರುತ್ತದೆ. ದೊಡ್ಡ ಪ್ರಮಾಣದ ಪರೀಕ್ಷೆಗಳಲ್ಲಿ ಅದಕ್ಕೆ ಒಳ್ಳೆಯ ಫಲಿತಾಂಶವೂ ಸಿಕ್ಕಿದೆ.

ನಾಟಕ ಬಾಗಿಲು ತೆರೆಯಬಲ್ಲದು. ಆಮೇಲಿನ ಕೆಲಸ ಆ ಶಾಲೆಯ ಶಿಕ್ಷಕರದು. ಟ್ವೆಲ್ಫ್ತ್ ನೈಟ್ ಇದಕ್ಕೂ ಒಂದು ಹಿಡಿ ಕೊಟ್ಟಿದೆ, ಅದರ ಕೊನೆಯ ದೃಶ್ಯದಲ್ಲಿ. ಪಾದ್ರಿ ವೇಷ ಹಾಕಿದ್ದ ಫೆಸ್ಟೆಯೇ ಮಾಲ್ವೋಲಿಯೋಗೆ ಪೆನ್ನು, ಕಾಗದ ತಂದುಕೊಟ್ಟಿರುತ್ತಾನೆ. ಹಾಗೆ ಬರೆದ ಪತ್ರವನ್ನು ಒಲಿವಿಯಾಳ ಎದುರು ಗಟ್ಟಿಯಾಗಿ ಓದುವವನು ಫೇಬಿಯನ್. ಆಮೇಲೆ ಅವನೇ ಮುಂದೆ ಬಂದು, ಇದನ್ನು ಮಾಡಿದ್ದು ನಾನು ಮತ್ತು ಟೋಬಿ ಎಂದು ಒಪ್ಪಿಕೊಳ್ಳುತ್ತಾನೆ. ಮರಿಯಾಳ ಮೇಲಿನ ತಪ್ಪನ್ನು ಕಡಿಮೆ ಮಾಡುತ್ತಾನೆ. ಜೊತೆಗೆ, ಎರಡೂ ಕಡೆ ತಪ್ಪಿದೆ, ಇದನ್ನು ನಕ್ಕು ಬಿಡೋಣ ಎಂದೂ ಕೇಳಿಕೊಳ್ಳುತ್ತಾನೆ. ಮಾಲ್ವೋಲಿಯೋ ನಗುವುದಿಲ್ಲ. ನಿಮ್ಮ ಇಡೀ ಗುಂಪಿನ ಮೇಲೂ ಸೇಡು ತೀರಿಸಿಕೊಳ್ಳುತ್ತೇನೆ ಎಂದು ಹೇಳಿ ಹೊರಟುಹೋಗುತ್ತಾನೆ. ಆ ನಾಡನ್ನು ಆಳುವ ಡ್ಯೂಕ್ ಒರ್ಸಿನೋ, ಯಾರಾದರೂ ಹೋಗಿ ಅವನನ್ನು ಸಮಾಧಾನ ಮಾಡಿ ಎನ್ನುತ್ತಾನೆ. ಯಾರು ಹೋದರು, ಏನು ಹೇಳಿದರು ಎಂದು ನಾಟಕದಲ್ಲಿ ಇಲ್ಲ.

ನಟರು ಹೊರಟುಹೋದ ಮರುವಾರ ತರಗತಿಯಲ್ಲಿ ಎತ್ತಿಕೊಳ್ಳಬೇಕಾದ್ದು ಈ ಜಾಗ. ಮಾಲ್ವೋಲಿಯೋನ ಹಿಂದೆ ಯಾರು ಹೋಗಬೇಕು? ಫೇಬಿಯನ್‌ನ ಕ್ಷಮೆ ಸಾಕೇ? ಟೋಬಿ ಆ ಹೊತ್ತಿಗೆ ಅಲ್ಲಿಲ್ಲವೇ ಇಲ್ಲ, ಅವನನ್ನು ಕರೆತರುವವರು ಯಾರು? ಮಾಲ್ವೋಲಿಯೋ ಫೆಸ್ಟೆಯನ್ನು ಹೀಯಾಳಿಸಿದ್ದಕ್ಕೆ ಅವನೂ ಏನಾದರೂ ಹೇಳಬೇಕಲ್ಲವೇ? ಮಕ್ಕಳಿಗೆ ಒಂದೊಂದು ಪೀರಿಯಡ್ ಕೊಟ್ಟು ಈ ಇಲ್ಲದ ದೃಶ್ಯವನ್ನು ಬರೆಸಿ, ಆಡಿಸಿ. ಶಾಲೆಯಲ್ಲಿ ಇಂ‌ಥದ್ದೇ ನಡೆದರೆ ಯಾವ ಶಿಕ್ಷಕರ ಹತ್ತಿರ, ಯಾವ ಹೊತ್ತಿಗೆ, ಯಾವ ಕೋಣೆಗೆ ಹೋಗಬೇಕು ಎಂಬುದನ್ನು ಆ ಪೀರಿಯಡ್ ಮುಗಿಯುವುದರೊಳಗೆ ಬೋರ್ಡಿನ ಮೇಲೆ ಬರೆಯಿರಿ. ಆ ಶಿಕ್ಷಕರೂ ಆ ದಿನ ತರಗತಿಯಲ್ಲೇ ಇರಲಿ.